ಬಾಯಿಂದ ನೀರು ಸುರಿಸುವ ಮುಖಗಳು: ಶಿಕಾಗೋದ ಕ್ರೌನ್ ಫೌಂಟನ್

ಶಿಕಾಗೋದ ಮಿಲೇನಿಯಂ ಪಾರ್ಕಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಅನೀಶ್ ಕಪೂರ್ ಅವರ ಥಳಥಳಿಸುವ ‘ಕ್ಲೌಡ್ ಗೇಟ್’ ಶಿಲ್ಪದ ಮುಂದೆ ಫೋಟೊ ತೆಗೆಸಿಕೊಂಡು, ಅಲ್ಲಿಗೆ ಸಮೀಪದಲ್ಲೇ ಇರುವ ಕ್ರೌನ್ ಫೌಂಟನ್ನನ್ನು ನಡೆಯುತ್ತಲೇ ನೋಡಿ ಮುಂದೆ ಸಾಗುತ್ತಾರೆ. ಈ ಕೃತಿಗೆ ಅಷ್ಟು ಸಮಯ ಸಾಲದು. ಬೇಸಿಗೆಯ ಒಂದು ಸಂಜೆ ಎರಡು ಗಂಟೆ ಅದರೆದುರು ಕುಳಿತಿದ್ದ ನನಗೆ, ಅದು ಕಾಯುವವರಿಗೆ ಮಾತ್ರ ಒಲಿಯುವ ಕೃತಿ ಎಂಬುದು ಮನವರಿಕೆಯಾಯಿತು.

ಸ್ಪೇನಿನ ಕಲಾವಿದ ಜೌಮೆ ಪ್ಲೆನ್ಸಾ ರೂಪಿಸಿದ, 2004ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಕಾರಂಜಿಯಲ್ಲಿ ಗಾಜಿನ ಇಟ್ಟಿಗೆಗಳಿಂದ ಕಟ್ಟಿದ, 50 ಅಡಿ ಎತ್ತರದ ಎರಡು ಗೋಪುರಗಳು ಕಪ್ಪು ಗ್ರಾನೈಟಿನ ಉದ್ದನೆಯ ಅಂಗಳದ ಎರಡು ತುದಿಗಳಲ್ಲಿ ಎದುರುಬದುರಾಗಿ ನಿಂತಿವೆ. ಇಟ್ಟಿಗೆಗಳ ಹಿಂದಿನ ಎಲ್‌ಇಡಿ ಪರದೆಗಳ ಮೇಲೆ ಸುಮಾರು 1,000 ಮಂದಿ ಶಿಕಾಗೋ ನಿವಾಸಿಗಳ ಮುಖಗಳು ಒಂದಾದ ಮೇಲೊಂದು ಮೂಡುತ್ತವೆ. ಆ ಮುಖಗಳನ್ನು ಚಿತ್ರೀಕರಿಸುವುದರಲ್ಲಿ ಅಲ್ಲಿನ ಕಲಾಶಾಲೆಯ ವಿದ್ಯಾರ್ಥಿಗಳೂ ಕೈಜೋಡಿಸಿದ್ದರು.

ನಾನು ಕುಳಿತಾಗ ಮೂಡಿದ್ದು ಕಣ್ಣಂಚಿನಲ್ಲಿ ಸುಕ್ಕುಗಟ್ಟಿದ ಒಬ್ಬ ಹಿರಿಯ ಮಹಿಳೆಯ ಮುಖ. ಬಹಳ ಹೊತ್ತು ಏನೂ ನಡೆಯಲಿಲ್ಲ. ರೆಪ್ಪೆ ಮಾತ್ರ ನಿಧಾನವಾಗಿ ಮುಚ್ಚಿ ತೆರೆಯಿತು. ಬಳಿಕ ತುಟಿಗಳು ಮುಂದಕ್ಕೆ ಚಾಚತೊಡಗಿದ್ದೇ ತಡ, ಆ ಸನ್ನೆಯನ್ನು ಚೆನ್ನಾಗಿ ಬಲ್ಲ ಮಕ್ಕಳೆಲ್ಲ ಗೋಪುರದ ಬುಡಕ್ಕೆ ಓಡಿ ತಲೆಯೆತ್ತಿ ನಿಂತರು. ತುಟಿಗಳ ನಡುವಿನಿಂದ ನೀರು ಧುಮುಕಿದಾಗ ಎದ್ದ ಕೇಕೆ ಬೀದಿಯಾಚೆಗೂ ಕೇಳಿಸಿರಬೇಕು. ಮಲ್ಲೇಶ್ವರದ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ಶಿವಲಿಂಗದ ಮೇಲೆ ನೀರು ಬೀಳುವುದನ್ನು ಬಾಲ್ಯದಿಂದ ಕಂಡ ನನಗೆ ಈ ಕಲ್ಪನೆ ಅಪರಿಚಿತವೆನಿಸಲಿಲ್ಲ. ಯುರೋಪಿನ ಹಳೆಯ ಕಾರಂಜಿಗಳಲ್ಲಿಯೂ ಕಲ್ಲಿನ ಮುಖಗಳು ನೀರು ಉಗುಳುತ್ತವೆ. ಪ್ಲೆನ್ಸಾ ಆ ಜಾಗದಲ್ಲಿ ಅದೇ ಊರಿನ ಸಾಮಾನ್ಯರನ್ನು ತಂದು ನಿಲ್ಲಿಸಿದ್ದಾರೆ. ಇಷ್ಟು ದೊಡ್ಡ ಪರದೆಯ ಮೇಲೆ ಯಾವ ಸರಕನ್ನೂ ಮಾರದ ಒಂದು ಮುಖವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಗಳದಲ್ಲಿ ನಿಲ್ಲುವ ನೀರು ಪಾದ ಮುಳುಗುವಷ್ಟೂ ಇಲ್ಲ. ಹಾಗಾಗಿ ತಡೆಬೇಲಿಯಿಲ್ಲದೆ ಯಾರು ಬೇಕಾದರೂ ಅದರ ಮೇಲೆ ನಡೆದಾಡಬಹುದು, ಕಪ್ಪು ಕಲ್ಲಿನ ಮೇಲೆ ಮುಖದ ಪ್ರತಿಬಿಂಬ ಕಾಲಡಿಯಲ್ಲೇ ಕದಡುವುದನ್ನು ನೋಡಬಹುದು.

ಕೊರತೆಗಳೂ ಇವೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಚಿತ್ರ ಮಂಕಾಗುತ್ತದೆ. ತೀರಾ ಹತ್ತಿರ ಹೋದರೆ ಮುಖ ಬೆಳಕಿನ ಚುಕ್ಕಿಗಳಾಗಿ ಒಡೆದುಹೋಗುವುದರಿಂದ ಅಂಗಳದ ನಡುವೆ ನಿಲ್ಲುವುದೇ ಸೂಕ್ತ. ಚಳಿಗಾಲದಲ್ಲಿ ನೀರು ನಿಲ್ಲಿಸುತ್ತಾರೆ. ಆಗ ಮುಖಗಳಷ್ಟೇ ಉಳಿಯುತ್ತವೆ. 2006ರಲ್ಲಿ ಗೋಪುರಗಳ ನೆತ್ತಿಯ ಮೇಲೆ ಕಣ್ಗಾವಲು ಕ್ಯಾಮೆರಾಗಳನ್ನು ಕೂರಿಸಿ, ಜನರ ಆಕ್ಷೇಪದ ಬಳಿಕ ತೆಗೆದುಹಾಕಿದ್ದರು. ಆ ಆಕ್ಷೇಪ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಜನರು ನಂಬಿ ಕೊಟ್ಟ ಮುಖಗಳ ತಲೆಯ ಮೇಲೆ ಜನರನ್ನೇ ಕಾಯುವ ಕಣ್ಣುಗಳು ಸಲ್ಲವು.

ಪ್ರವೇಶ ಉಚಿತ. ಮಕ್ಕಳಿದ್ದರೆ ಒಂದು ಜೊತೆ ಒಣಬಟ್ಟೆ, ಟವೆಲ್ ಕಡ್ಡಾಯವಾಗಿ ಒಯ್ಯಿರಿ. ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮೊದಲು ತಲುಪಿದರೆ, ಬಿಸಿಲಿನಲ್ಲಿ ಮಸುಕಾಗಿದ್ದ ಮುಖಗಳು ಕತ್ತಲಾಗುತ್ತಿದ್ದಂತೆ ಒಂದೊಂದಾಗಿ ಕಳೆಗಟ್ಟುವುದನ್ನು ಕಾಣಬಹುದು.