ಲೇಹ್‌ಗೆ ಫ್ರೆಂಡ್ಸ್ ಜೊತೆ: ಶ್ರೀನಗರ ರೋಡಾ, ಮನಾಲಿ ರೋಡಾ, ಫ್ಲೈಟಾ?

ನಾಲ್ಕೈದು ಜನ ಹೊರಟಿದೀರ ಅಂದ್ರೆ ದುಡ್ಡಿಗಿಂತ ಮೊದಲು ಎತ್ತರ ನೋಡ್ಕೊಳ್ಳಿ, ಯಾಕಂದ್ರೆ ಲಡಾಖ್‌ನ ಲೇಹ್ ಊರೇ ಸುಮಾರು 11,500 ಅಡಿ ಮೇಲಿದೆ, ಅಲ್ಲಿ ಗಾಳಿ ತೆಳು, ಒಬ್ಬರಿಗೆ ಹುಷಾರು ತಪ್ಪಿದ್ರೂ ಇಡೀ ಗುಂಪು ನಿಲ್ಲಬೇಕಾಗತ್ತೆ.

ಶ್ರೀನಗರದಿಂದ ಸುಮಾರು 420 ಕಿ.ಮೀ. ಸೋನಮಾರ್ಗ್, ಜೋಜಿಲಾ ಕಣಿವೆದಾರಿ (ಪಾಸ್), ದ್ರಾಸ್ ದಾಟಿ ರಾತ್ರಿ ಕಾರ್ಗಿಲ್‌ನಲ್ಲಿ ಮಲಗ್ತೀರ, ಅದು 9,000 ಅಡಿಗಿಂತ ಕಮ್ಮಿ, ಮೈ ಆರಾಮಾಗಿ ಒಗ್ಗತ್ತೆ. ಮೊದಲ ಸಲ ಹೋಗೋರಿಗೆ, ಜೊತೇಲಿ ಸ್ವಲ್ಪ ಸೂಕ್ಷ್ಮದವ್ರು ಇದ್ರೆ ನಾನು ಇದನ್ನೇ ಹೇಳೋದು.

ಮನಾಲಿ ಕಡೆ ನೋಟ ಬೇರೆ ಲೆವೆಲ್ಲು ಕಣ್ರೀ! ಆದ್ರೆ ಬಾರಾಲಾಚಾ ಪಾಸ್ ಆದ್ಮೇಲೆ ಸರ್ಚು ಅನ್ನೋ ಜಾಗದಲ್ಲಿ ಟೆಂಟಲ್ಲಿ ಮಲಗಿದ್ರೆ 14,000 ಅಡಿ, ತಲೆನೋವು ವಾಂತಿ ಜಾಸ್ತಿ ಜನಕ್ಕೆ ಅಲ್ಲೇ ಶುರುವಾಗೋದು, ಮುಂದೆ ತಂಗ್ಲಾಂಗ್ ಲಾ ಪಾಸ್ 17,000 ಅಡಿ ದಾಟತ್ತೆ. ಅದಕ್ಕೇ ಬಾರಾಲಾಚಾಗೆ ಮೊದಲೇ ಸಿಗೋ ಜಿಸ್ಪಾದಲ್ಲಿ ಒಂದು ರಾತ್ರಿ ನಿಂತು ಹೋಗಿ. 2020ರಲ್ಲಿ ಅಟಲ್ ಟನಲ್ ಆದ್ಮೇಲೆ ಮನಾಲಿ ಮೇಲಿನ ರೋಹ್ತಾಂಗ್ ಪಾಸ್ ಹತ್ತೋ ಕಷ್ಟ ತಪ್ಪಿದೆ. ಬೈಕಲ್ಲಿ ಹೋಗೋ, ಹತ್ತು ದಿನ ರಜೆ ಇರೋ ಗುಂಪಿಗೆ ಇದು.

ಫ್ಲೈಟು ರಜೆ ಕಮ್ಮಿ ಇರೋರಿಗೆ. ಚಳಿಗಾಲದಲ್ಲಂತೂ ಮನಾಲಿ ರೋಡು ಹಿಮಕ್ಕೆ ಮುಚ್ಚಿರತ್ತೆ, ಆಗ ಫ್ಲೈಟೇ ವಾಸಿ. ಇಳಿದ ಮೇಲೆ ಎರಡು ದಿನ ಎಲ್ಲೂ ಸುತ್ತದೆ ರೆಸ್ಟ್ ಮಾಡ್ಲೇಬೇಕು, ಆ ಎರಡು ದಿನಾನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಖರ್ಚು? ಐದು ಜನ ಒಂದೇ ಗಾಡಿ ಹಂಚ್ಕೊಂಡ್ರೆ ರೋಡೇ ಹಗುರ, ಇಬ್ಬರೇ ಆದ್ರೆ ಫ್ಲೈಟ್ ರೇಟೂ ನೋಡಿ. ಹಾಂ, ಯಾವ ದಾರಿ ಆದ್ರೂ ಒಬ್ಬರ ಹತ್ರ ಆದ್ರೂ ಪೋಸ್ಟ್‌ಪೇಯ್ಡ್ ಸಿಮ್ ಇರ್ಲಿ, ನಮ್ಮ ಕಡೆ ಪ್ರೀಪೇಯ್ಡ್ ಅಲ್ಲಿ ನಡೆಯಲ್ಲ.