ಕಾರಿನ ಜೊತೆ ಬಂದ ಟೈರ್‌ಗಳು: ಪೂರ್ತಿ ಓಡಿಸಿದ ಮೇಲೆ ನನ್ನ ಅಭಿಪ್ರಾಯ

ಹೊಸ ಕಾರು ಮನೆಗೆ ಬಂದ ಕೂಡಲೇ ಯಾರಾದರೊಬ್ಬರು ಹೇಳುತ್ತಾರೆ: "ಕಂಪನಿ ಟೈರ್ ತೆಗೆದು ಬೇರೆ ಹಾಕಿಸಿಬಿಡಿ." ನನಗೂ ಹೇಳಿದರು. ನಾನು ಹಾಕಿಸಲಿಲ್ಲ. ಸುಮಾರು 40 ಸಾವಿರ ಕಿ.ಮೀ. ಅವುಗಳಲ್ಲೇ ಓಡಿಸಿ, ಸವೆದ ಮೇಲೆ ಬೇರೆ ಸೆಟ್ ಹಾಕಿಸಿದೆ. ಅದೇ ಕಾರಿನಲ್ಲಿ ಎರಡನ್ನೂ ನೋಡಿರುವುದರಿಂದ ಈ ವಿಮರ್ಶೆ.

ನನ್ನ ಹ್ಯಾಚ್‌ಬ್ಯಾಕ್‌ಗೆ ಬಂದದ್ದು 185/65 ಆರ್15, 88ಎಚ್. ಅಂದರೆ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ಶೇ. 65, ರಿಮ್ 15 ಇಂಚು. 88 ಅಂದರೆ ಒಂದೊಂದು ಟೈರ್ 560 ಕೆ.ಜಿ. ಹೊರುತ್ತದೆ. ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳುತ್ತದೆ. ಭಾರ, ವೇಗದ ಮಟ್ಟಿಗೆ ಯಾವ ಕೊರತೆಯೂ ಇಲ್ಲ. ಆದರೆ ರಸ್ತೆಯ ಮೇಲೆ ಹಿಡಿತ ಎಷ್ಟಿದೆ ಅನ್ನೋದನ್ನು ಈ ಅಂಕಿಗಳು ಹೇಳುವುದಿಲ್ಲ, ಅಲ್ವಾ?

ವಿಷಯ ಇರೋದೇ ಅಲ್ಲಿ. ಕಾರು ಕಂಪನಿಯವರು ತಮಗೆ ಬೇಕಾದ ಹಾಗೆ ಟೈರ್ ಮಾಡಿಸಿಕೊಳ್ಳುತ್ತಾರೆ. ಟೈರ್ ಸಲೀಸಾಗಿ ಉರುಳಬೇಕು, ಯಾಕೆಂದರೆ ಮೈಲೇಜ್ ಪರೀಕ್ಷೆಯ ಅಂಕಿಗೆ ಅದು ಬೇಕು. ಸದ್ದು ಕಡಿಮೆ ಇರಬೇಕು. ಖರ್ಚೂ ಮಿತಿಯಲ್ಲಿರಬೇಕು. ಸಲೀಸಾಗಿ ಉರುಳುವ ರಬ್ಬರಿಗೆ ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುವ ಗುಣವನ್ನೂ ಕೊಡುವುದು ಕಷ್ಟ. ಸಿಲಿಕಾ ಬೆರೆಸಿದ ರಬ್ಬರ್ ಬಂದ ಮೇಲೆ ಎಷ್ಟೋ ಸುಧಾರಿಸಿದೆ, ನಿಜ. ಆದರೂ ಅಗ್ಗದ ಕಾರುಗಳಲ್ಲಿ ಮೊದಲ ಮಣೆ ಮೈಲೇಜಿಗೇ. ದುಬಾರಿ ಕಾರುಗಳ ಕಥೆ ಬೇರೆ. ಬಿಎಂಡಬ್ಲ್ಯೂಗೆಂದು ಮಾಡಿದ ಟೈರ್ ಮೇಲೆ ನಕ್ಷತ್ರದ ಗುರುತು, ಮರ್ಸಿಡಿಸ್‌ನದ್ದರ ಮೇಲೆ 'ಎಂಒ' ಅಂತ ಇರುತ್ತದೆ. ಅಂಗಡಿಯಲ್ಲಿ ಸಿಗುವ ಅದೇ ಹೆಸರಿನ ಟೈರ್ ಒಳಗಿನಿಂದ ಬೇರೆಯೇ ಇರಬಹುದು.

ಒಣ ರಸ್ತೆಯಲ್ಲಿ ನನ್ನ ಕಂಪನಿ ಟೈರ್‌ಗಳ ಬಗ್ಗೆ ದೂರೇ ಇಲ್ಲ. ಸದ್ದಿಲ್ಲ, ಮೈಲೇಜ್ ಚೆನ್ನಾಗಿತ್ತು, ಸವೆತವೂ ಸಮನಾಗಿತ್ತು. ಹೊಸದರಲ್ಲಿ ಮಳೆಯಲ್ಲೂ ತೊಂದರೆಯಿರಲಿಲ್ಲ. ಟ್ರೆಡ್ (ನೆಲಕ್ಕೆ ತಾಗುವ, ಸಂದಿಗಳಿರುವ ರಬ್ಬರ್ ಪದರ) ಸವೆದು ಅರ್ಧಕ್ಕೆ ಬಂದ ಮೇಲೆ ವ್ಯತ್ಯಾಸ ಶುರುವಾಯಿತು. ಒದ್ದೆ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಬ್ರೇಕ್ ಒತ್ತಿದರೂ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗಿ ಜಾರದಂತೆ ನೋಡುವ ವ್ಯವಸ್ಥೆ) ಕೆಲಸ ಮಾಡುತ್ತಿತ್ತು. ರಸ್ತೆಗೆ ಬಳಿದ ಬಿಳಿ ಪಟ್ಟಿಗಳ ಮೇಲೆ ಜಾರುತ್ತಿತ್ತು. ನಿಂತ ನೀರು ದಾಟುವಾಗ ಸ್ಟೀರಿಂಗ್ ಹಗುರವಾದಂತೆ ಅನ್ನಿಸುತ್ತಿತ್ತು. ಇದು ನನಗೆ ಸಣ್ಣ ವಿಷಯ ಅಲ್ಲವೇ ಅಲ್ಲ. ಕಾರಿನಲ್ಲಿ ಎಷ್ಟೇ ಏರ್‌ಬ್ಯಾಗ್ ಇರಲಿ, ನೆಲಕ್ಕೆ ತಾಗಿರುವುದು ಈ ನಾಲ್ಕು ಟೈರ್ ಮಾತ್ರ.

ಸವೆತದ ಗುರುತು ಟ್ರೆಡ್‌ನ ಸಂದಿಯಲ್ಲೇ ಇರುತ್ತದೆ, 1.6 ಮಿ.ಮೀ. ಎತ್ತರದ ಸಣ್ಣ ಉಬ್ಬು. ಟ್ರೆಡ್ ಆ ಉಬ್ಬಿನ ಮಟ್ಟಕ್ಕೆ ಸವೆಯುವವರೆಗೆ ಕಾಯಬೇಡಿ. ಸಂದಿಯ ಆಳ 3 ಮಿ.ಮೀ.ಗೆ ಬಂದಾಗಲೇ ನಾನು ಬದಲಾಯಿಸಿದೆ.

ಈ ಸಲ ಒದ್ದೆ ರಸ್ತೆಯ ಹಿಡಿತಕ್ಕೆ ಹೆಚ್ಚು ದರ್ಜೆ ಇರುವ ಟೈರನ್ನೇ ಆರಿಸಿದೆ, ಅದೇ ಅಳತೆಯಲ್ಲಿ. ಮೈಲೇಜ್ ತುಸು ಇಳಿದಿದೆ. ಸದ್ದು ಕೂಡ ಸ್ವಲ್ಪ ಜಾಸ್ತಿ. ಆದರೆ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಕಾರು ನಿಲ್ಲುವ ರೀತಿ ನೋಡಿದರೆ ಆ ನಷ್ಟ ನನಗೆ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಮೊದಲ ದಿನವೇ ಬದಲಾಯಿಸಬೇಕಾ? ಬಹುತೇಕರಿಗೆ ಬೇಡ. ಸುಮ್ನೆ ದುಡ್ಡು ಹಾಳು. ಮೊದಲು ಗಾಳಿ ನೋಡಿ. ಕಾರು ಕೈಗೆ ಬರುವಾಗ ಕೆಲವೊಮ್ಮೆ ಗಾಳಿ ಜಾಸ್ತಿ ಇರುತ್ತದೆ, ಕುಲುಕಾಟಕ್ಕೆ ಟೈರನ್ನು ಬೈಯುತ್ತೇವೆ. ಡ್ರೈವರ್ ಬಾಗಿಲ ಬಳಿಯ ಸ್ಟಿಕರ್‌ನಲ್ಲಿರುವಷ್ಟು ಗಾಳಿಯನ್ನು, ಟೈರ್ ತಣ್ಣಗಿರುವಾಗ ಹಾಕಿಸಿ. ಟೈರಿನ ಪಕ್ಕದ ಗೋಡೆಯ ಮೇಲಿರುವ ತಯಾರಿಕೆಯ ನಾಲ್ಕು ಅಂಕಿಯನ್ನೂ ಓದಿ: 2324 ಅಂದರೆ 2024ರ 23ನೇ ವಾರ.

ಕಡಿಮೆ ಬೆಲೆಯ ಮಾದರಿಗೆ ತೀರಾ ಸಪೂರ ಟೈರ್ ಕೊಟ್ಟಿದ್ದರೆ, ನಿಮ್ಮದು ಮಳೆ ಜಾಸ್ತಿ ಇರುವ ಊರಾದರೆ, ಬೇಗ ಬದಲಾಯಿಸುವುದರಲ್ಲಿ ಅರ್ಥವಿದೆ. ಆಗಲೂ ಅದೇ ಕಾರಿನ ಮೇಲಿನ ಮಾದರಿಗೆ ಕಂಪನಿಯೇ ಕೊಡುವ ಅಳತೆಯಲ್ಲಿ ನಿಲ್ಲಿ. ರಿಮ್ ಆ ಅಗಲಕ್ಕೆ ಹೊಂದುತ್ತದಾ ಅಂತ ಕೇಳಿ. ಒಟ್ಟು ವ್ಯಾಸ ಶೇ. 3ಕ್ಕಿಂತ ಹೆಚ್ಚು ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಎರಡೇ ಟೈರ್ ಹೊಸದು ಹಾಕಿಸುವುದಾದರೆ ಅವು ಹಿಂದಕ್ಕೆ ಹೋಗಲಿ, ಮುಂದಿನ ಚಕ್ರ ಎಳೆಯುವ ಕಾರಾದರೂ ಸರಿ. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಸಂಭಾಳಿಸುವುದು ತುಂಬಾ ಕಷ್ಟ.