ಶಿರಸಿ ಸಂತೆಯಲ್ಲಿ ಅಪ್ಪೆಮಿಡಿ: ಮೊದಲು ಮೂಸಿ, ಆಮೇಲೆ ದರ ಕೇಳಿ
ಮಾರ್ಚ್ ಕೊನೆಯ ಹೊತ್ತಿಗೆ ಶಿರಸಿಯ ಸಂತೆಗೆ ಹೋದವರಿಗೆ ತರಕಾರಿಯ ರಾಶಿ ಕಣ್ಣಿಗೆ ಬೀಳುವ ಮೊದಲೇ ಮಾವಿನ ಸೊನೆಯ ಘಾಟು ಮೂಗಿಗೆ ಬಡಿಯುತ್ತದೆ. ಅಘನಾಶಿನಿ, ಬೇಡ್ತಿಯಂಥ ಹೊಳೆಗಳ ದಂಡೆಯಲ್ಲಿ ತಾವಾಗಿಯೇ ಬೆಳೆದ ಮರಗಳಿಂದ ಇಳಿಸಿದ ಅಪ್ಪೆಮಿಡಿಯನ್ನು, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆಯ ಕಾಡುಮಾವಿನಕಾಯಿಯನ್ನು, ಗೋಣಿತಾಟಿನ ಮೇಲೆ ಸುರಿದುಕೊಂಡು ಕುಳಿತವರಲ್ಲಿ ಹೆಚ್ಚಿನವರು ತಕ್ಕಡಿ ಹಿಡಿಯುವುದಿಲ್ಲ. ಇಲ್ಲಿ ಲೆಕ್ಕವೆಲ್ಲ ನೂರಕ್ಕೆ ಇಷ್ಟು ಎಂದು.

ಈ ಸಲ ನಾನು ಐನೂರು ಮಿಡಿ ಕೊಂಡೆ. ಸಾಧಾರಣ ಮಿಡಿಗೆ ನೂರಕ್ಕೆ 150 ರೂಪಾಯಿ, ಜೀರಿಗೆಯ ಪರಿಮಳದ ಮಿಡಿಗೆ 300. ಗಾತ್ರ, ಬಣ್ಣಗಳಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣದಿದ್ದುದರಿಂದ ನಾನು ಚೌಕಾಸಿಗೆ ಇಳಿದೆ. ಮಾರುತ್ತಿದ್ದ ಹಿರಿಯರು ಒಂದು ಮಿಡಿಯ ತೊಟ್ಟು ಮುರಿದು ನನ್ನ ಕೈಗಿತ್ತು, "ಮೊದಲು ಮೂಸಿ ನೋಡಿ ಮಾರಾಯ್ರೆ, ದರ ಆಮೇಲೆ ಮಾತಾಡುವ" ಎಂದರು. ಮೂಸಿದ ಮೇಲೆ ಮಾತಾಡುವುದಕ್ಕೆ ಏನೂ ಉಳಿಯಲಿಲ್ಲ. ಬೀಜದಿಂದ ಹುಟ್ಟಿದ ಈ ಕಾಡುಮರಗಳಲ್ಲಿ ಒಂದರ ವಾಸನೆ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ, ಒಳ್ಳೆಯ ಮರದ ಮಿಡಿಗೆ ಎರಡು ಪಟ್ಟು ಕೊಡುವುದು ನನ್ನ ಮಟ್ಟಿಗೆ ನ್ಯಾಯವೇ.

ಆದರೆ ನೋಡಬೇಕಾದದ್ದು ತೊಟ್ಟನ್ನು. ಉಪ್ಪಿನಕಾಯಿಗೆ ಪರಿಮಳ ಕೊಡುವುದೂ ಅದನ್ನು ವರ್ಷಗಟ್ಟಲೆ ಕಾಯುವುದೂ ಸೊನೆಯೇ ಆಗಿರುವುದರಿಂದ, ತೊಟ್ಟು ಕಳಚಿ ಸೊನೆ ಸೋರಿಹೋದ ಮಿಡಿ ಎಷ್ಟು ಅಗ್ಗವಾದರೂ ದುಬಾರಿಯೇ. ಮರ ಹತ್ತಿ ಬುಟ್ಟಿಯಲ್ಲಿ ಇಳಿಸಿದ ಮಿಡಿಗೂ ಉದುರಿಸಿ ಹೆಕ್ಕಿದ ಮಿಡಿಗೂ ಇರುವ ಅಂತರ ಅಂದೇ ತಿಳಿಯುವುದಿಲ್ಲ. ಪೆಟ್ಟು ಬಿದ್ದ ಜಾಗ ಕಪ್ಪಾಗುವುದು ಎರಡು ದಿನ ಕಳೆದ ಮೇಲೆ. ಕಳೆದ ವರ್ಷ ಸಂಜೆಗತ್ತಲಲ್ಲಿ ಅವಸರದಿಂದ ಕೊಂಡ ಇನ್ನೂರರಲ್ಲಿ ಮೂವತ್ತಕ್ಕೂ ಹೆಚ್ಚು ಭರಣಿಯಲ್ಲೇ ಮೆತ್ತಗಾದವು, ಎಣಿಕೆಯಲ್ಲೂ ಹತ್ತು ಕಡಿಮೆಯಿತ್ತು. ಆ ಮಾರಾಟಗಾರನನ್ನು ದೂರುವುದಕ್ಕಿಂತ ಬೆಳಕಿನಲ್ಲಿ ಎಣಿಸಿಕೊಳ್ಳದ ನನ್ನನ್ನೇ ದೂರಿಕೊಂಡೆ.

ಉಳಿದ ಸರಕಿನಲ್ಲಿ ಮೊಗೆಕಾಯಿ, ಅಂದರೆ ಸಾಂಬಾರು ಸೌತೆ, ಚೆನ್ನಾಗಿತ್ತು. ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದರೆ ಮಳೆಗಾಲದವರೆಗೂ ಬರುವ ಕಾಯಿಯಾದ್ದರಿಂದ ಗಟ್ಟಿ ಸಿಪ್ಪೆಯವನ್ನೇ ಆರಿಸಿಕೊಂಡೆ. ದೇವಿಮನೆ ಘಟ್ಟ ಹತ್ತಿ ಬರುವ ಕುಮಟಾ ಈರುಳ್ಳಿ, ಒಣಗಿದ ಜುಟ್ಟು ಹೆಣೆದ ಗೊಂಚಲುಗಳಲ್ಲಿ ನೋಡಲು ಬಲು ಚಂದ, ಹಸಿಯಾಗಿ ತಿಂದರೂ ಸಿಹಿ. ಆದರೆ ಕುಮಟಾ ಕಡೆಗೆ ಹೋಗುವವರು ಅಳ್ವೆಕೋಡಿಯ ಹೆದ್ದಾರಿ ಬದಿಯಲ್ಲೇ ಕೊಳ್ಳುವುದು ಲೇಸು. ಕಲ್ಲಂಗಡಿ ಎಲ್ಲ ಊರಿನಂತೆಯೇ. 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಂಕೋಲೆಯ ಕರಿ ಇಶಾಡು ಮಾವಿನ ಹಣ್ಣನ್ನು ಈಗಲೇ ಹುಡುಕಿ ಫಲವಿಲ್ಲ, ಅದು ಮೇ ತಿಂಗಳ ಮಾತು.

ನೆರಳಿಲ್ಲ, ವಾಹನ ನಿಲ್ಲಿಸಲು ಜಾಗವೂ ಸುಲಭವಾಗಿ ಸಿಗುವುದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಚಿಲ್ಲರೆಯನ್ನೂ ಬಟ್ಟೆಯ ಚೀಲವನ್ನೂ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಮಿಡಿ ಬೆವರುತ್ತದೆ. ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೊರಡುವವರು ಹರಳುಪ್ಪನ್ನೂ ಇಲ್ಲಿಯೇ ಕೊಂಡು, ಉಳಿದುಕೊಂಡ ಮನೆಯಲ್ಲೇ ಮಿಡಿಯನ್ನು ತೊಳೆದು ಒರೆಸಿ ಉಪ್ಪಿಗೆ ಹಾಕಿಕೊಂಡೇ ಬಸ್ಸು ಹತ್ತುವುದು ಒಳ್ಳೆಯದು.